ಎರಡು ಗುಂಪುಗಳ ನಡುವಿನ ಮಂಕು ಹೊಳಪು ಮತ್ತು ನನ್ನ ಎಂಟನೆಯ ಪೇಟ

ಶಿವಮೊಗ್ಗದ ವಿದ್ಯಾನಗರದಲ್ಲಿ ಖಗೋಳ ವಿಜ್ಞಾನಿ ಎಂದು ಹೆಸರು ಮಾಡಿದರೆ ಏನಾಗುತ್ತದೆ ಎಂದು ನನ್ನನ್ನು ಕೇಳಿ. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಹುಟ್ಟಿದ ಗಳಿಗೆ ಬರೆದ ಚೀಟಿ ಮೊದಲು ನನ್ನ ಬಾಗಿಲಿಗೆ ಬರುತ್ತಿತ್ತು. "ಸರ್, ನೀವು ನಕ್ಷತ್ರದೋರಲ್ವಾ? ಸ್ವಲ್ಪ ನೋಡಿ ಹೇಳಿ, ಪುಣ್ಯ ಬರುತ್ತೆ" ಎನ್ನುತ್ತಿದ್ದರು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು, ಸಂಶೋಧನೆ ರೇಡಿಯೊ ಅಲೆಗಳದ್ದು, ಸಪ್ತರ್ಷಿ ಮಂಡಲವನ್ನೂ ನೆಟ್ಟಗೆ ಗುರುತಿಸಲು ನನಗೆ ಬರುವುದಿಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಮೇಷ್ಟ್ರಿಗೆ ಜಂಬ ಎಂದುಕೊಂಡು ಹೋಗುತ್ತಿದ್ದರು. ನಮ್ಮದು ಹಗಲಿನ ಕಸುಬು. ಎಲ್ಲೋ ದೂರದ ಬಯಲಿನಲ್ಲಿ ಸಾಲಾಗಿ ನಿಂತ ಆಂಟೆನಾಗಳು ಹಿಡಿದ ಅಲೆಗಳು ಅಂಕಿಗಳಾಗಿ ನಮ್ಮ ಕಂಪ್ಯೂಟರಿಗೆ ಬರುತ್ತವೆ, ನಾವು ಹತ್ತರಿಂದ ಐದರವರೆಗೆ ಕುರ್ಚಿಯಲ್ಲಿ ಕೂತು ಅದರಿಂದ ಚಿತ್ರ ತೆಗೆಯುತ್ತೇವೆ. ಆಕಾಶದ ಕಡೆ ತಲೆ ಎತ್ತಿ ನೋಡುವುದು ಬಟ್ಟೆ ಒಣಹಾಕಿದ ದಿನ ಮಾತ್ರ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದು ನನ್ನ ಹೆಂಡತಿಗೆ ಗೊತ್ತು, ನನ್ನ ವಿದ್ಯಾರ್ಥಿಗಳಿಗೆ ಗೊತ್ತು, ಸವಳಂಗ ರಸ್ತೆಯ ಜೆರಾಕ್ಸ್ ಅಂಗಡಿಯವನಿಗೂ ಗೊತ್ತು. ಈಗ ಹೇಳಹೊರಟಿರುವ ಪ್ರಸಂಗದಲ್ಲಿ ನನಗೆ ಸಿಟ್ಟು ಬರಬೇಕಾಗಿದ್ದುದು ನನ್ನ ಮೇಲೆ. ಬಂದದ್ದು ಮಾತ್ರ ಇನ್ನೊಬ್ಬರ ಮೇಲೆ. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಗ್ಯಾಲಕ್ಸಿಗಳು ಸಾಮಾನ್ಯವಾಗಿ ಒಂಟಿಯಾಗಿರುವುದಿಲ್ಲ, ನೂರಾರು ಸಾವಿರಾರು ಸೇರಿ ಗುಂಪು ಕಟ್ಟಿಕೊಳ್ಳುತ್ತವೆ. ಅಂಥ ಎರಡು ದೊಡ್ಡ ಗುಂಪುಗಳು ಅಕ್ಕಪಕ್ಕದಲ್ಲಿದ್ದು, ಒಂದನ್ನೊಂದು ಸೆಳೆಯುತ್ತ ಹತ್ತಿರ ಬರುತ್ತಿರುವಾಗ, ಅವುಗಳ ನಡುವಿನ ಖಾಲಿ ಎನಿಸುವ ಜಾಗದಿಂದಲೂ ಕೆಲವೊಮ್ಮೆ ತೀರ ಮಂಕಾದ ರೇಡಿಯೊ ಹೊಳಪು ಬರುತ್ತದೆ. ಅಲ್ಲಿರುವುದು ಗಾಳಿಗಿಂತ ಎಷ್ಟೋ ಪಾಲು ತೆಳುವಾದ ಅನಿಲ, ಅದರೊಳಗೊಂದು ದುರ್ಬಲ ಕಾಂತಕ್ಷೇತ್ರ, ಅಷ್ಟೆ. ಆ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಗಿರಗಿರ ಸುತ್ತಿದರೆ ಈ ಹೊಳಪು ಹುಟ್ಟುತ್ತದೆ. ಅಷ್ಟು ವೇಗ ಅವಕ್ಕೆ ಬಂದದ್ದೆಲ್ಲಿಂದ ಎಂಬುದೇ ಪ್ರಶ್ನೆ. ಗುಂಪುಗಳ ಒಳಗಿನಿಂದ ಓಡಿಬಂದವು ಎನ್ನುವಂತಿಲ್ಲ. ನಡುವಿನ ಜಾಗ ದಾಟಲು ಬೆಳಕಿಗೇ ಕೋಟಿ ವರ್ಷ ಬೇಕು. ಈ ಎಲೆಕ್ಟ್ರಾನುಗಳೋ ಕಾಂತಕ್ಷೇತ್ರದಲ್ಲಿ ತೊಡರಿಕೊಂಡು ಸಾಗುವಂಥವು, ಅರ್ಧ ದಾರಿಗೆ ಬರುವ ಮೊದಲೇ ಶಕ್ತಿ ಕಳೆದುಕೊಂಡು ತಣ್ಣಗಾಗಿರುತ್ತವೆ.

ಇದನ್ನು ನಾನು ವೇದಿಕೆಗಳ ಮೇಲೆ ಹೀಗೆ ಹೇಳುತ್ತಿದ್ದೆ: "ಭದ್ರಾವತಿಯಲ್ಲಿ ಲೋಟಕ್ಕೆ ಬಗ್ಗಿಸಿದ ಕಾಫಿ ಶಿವಮೊಗ್ಗಕ್ಕೆ ಬರುವ ಹೊತ್ತಿಗೆ ಆರಿರುತ್ತದೆ. ನಡುದಾರಿಯಲ್ಲಿ ನಿಮಗೆ ಹಬೆಯಾಡುವ ಕಾಫಿ ಸಿಕ್ಕರೆ ಏನರ್ಥ? ಅಲ್ಲೇ ಯಾರೋ ಒಲೆ ಹಚ್ಚಿದ್ದಾರೆ!" ಇಲ್ಲಿ ಚಪ್ಪಾಳೆ ಬೀಳುತ್ತಿತ್ತು. ನಾನು ಮೂರು ಸೆಕೆಂಡು ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು, "ಆ ಒಲೆ ಯಾವುದು ಅಂತ ನಾನು ಕಂಡುಹಿಡಿದಿದ್ದೇನೆ" ಎನ್ನುತ್ತಿದ್ದೆ. ಮತ್ತೆ ಚಪ್ಪಾಳೆ.

ನನ್ನ ಉತ್ತರ ಆಘಾತ ತರಂಗ. ಎರಡು ಗುಂಪುಗಳು ನುಗ್ಗಿಬರುವಾಗ ನಡುವಿನ ಅನಿಲದಲ್ಲಿ ಗೋಡೆಯಂಥ ಅಲೆಯೊಂದು ಏಳುತ್ತದೆ, ಅದೇ ಎಲೆಕ್ಟ್ರಾನುಗಳಿಗೆ ಏಟು ಕೊಟ್ಟು ಓಡಿಸುತ್ತದೆ ಎಂದು ಬರೆದೆ. ನನ್ನ ಚಿತ್ರದಲ್ಲಿ ಎರಡು ಗುಂಪುಗಳ ನಡುವೆ ಚೂಪು ಅಂಚಿನ ಪ್ರಕಾಶಮಾನವಾದ ಗೆರೆಯೊಂದು ಎದ್ದು ಕಾಣುತ್ತಿತ್ತು. ಲೇಖನ ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಊರಿನ ದಿನಪತ್ರಿಕೆ "ವಿಶ್ವದ ರಹಸ್ಯ ಭೇದಿಸಿದ ಶಿವಮೊಗ್ಗದ ಮೇಷ್ಟ್ರು" ಎಂದು ಹಾಕಿತು. ನನ್ನ ಹೆಂಡತಿಯ ತವರು ಭದ್ರಾವತಿ. ಅಲ್ಲಿನ ಪತ್ರಿಕೆ ಸುಮ್ಮನಿರುತ್ತದೆಯೇ? "ಭದ್ರಾವತಿಯ ಅಳಿಯನ ಸಾಧನೆ" ಎಂದಿತು.

ಆಮೇಲೆ ಶುರುವಾಯಿತು ನೋಡಿ ಸನ್ಮಾನ. ನಮ್ಮ ಕಡೆ ಒಬ್ಬ ಮನುಷ್ಯ ಸಿಕ್ಕಿದ ಎಂದರೆ ಮುಗಿಯಿತು, ಶಾಲು, ಹಾರ, ಹಣ್ಣಿನ ಬುಟ್ಟಿ, ತಲೆಗೊಂದು ಮೈಸೂರು ಪೇಟ. ಬಡಾವಣೆಯ ನಿವಾಸಿಗಳು ಮಾಡಿದರು, ನಮ್ಮ ಸಮಾಜದವರು ಮಾಡಿದರು, ಬೆಳಗಿನ ವಾಕಿಂಗ್ ಬಳಗದವರು ಮಾಡಿದರು. ಅಡಿಕೆ ವರ್ತಕರ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ಮೇಷ್ಟ್ರೇ, ಈ ಅಲೆ ಬಿಟ್ರೆ ಎಲೆಚುಕ್ಕಿ ರೋಗ ಹೋಗುತ್ತಾ?" ಎಂದು ಕೇಳಿದರು. ಬೇರೆ ದಿನವಾಗಿದ್ದರೆ ರೇಗುತ್ತಿದ್ದೆ. ತಲೆಯ ಮೇಲೆ ಪೇಟವಿತ್ತಲ್ಲ, "ಸಂಶೋಧನೆ ನಡೀತಾ ಇದೆ" ಎಂದೆ. ನಾಚಿಕೆಗೇಡು! ಆದರೆ ಹೇಳಿದೆ. ಒಂದು ವರ್ಷದಲ್ಲಿ ಏಳು ಪೇಟಗಳಾದವು. "ತ್ಯಾವರೆಕೊಪ್ಪ ಸಫಾರಿಯ ಹುಲೀನ ನೋಡೋಕೂ ಇಷ್ಟು ಜನ ಹೋಗಲ್ಲ ಕಣ್ರೀ" ಎಂದು ಹೆಂಡತಿ ಬೀರು ಒತ್ತರಿಸಿ ಜಾಗ ಮಾಡಿಕೊಟ್ಟಳು.

ಹೀಗಿರುವಾಗ ಒಂದು ಸಂಜೆ ನನ್ನ ವಿದ್ಯಾರ್ಥಿನಿ ಕಾಲೇಜಿನ ಕೋಣೆಗೆ ಬಂದಳು. ವಿದ್ಯಾರ್ಥಿನಿ ಎಂದರೆ ಚಿಕ್ಕ ಹುಡುಗಿಯಲ್ಲ, ನಲವತ್ತು ದಾಟಿದವಳು, ಭದ್ರಾವತಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಅಲ್ಲಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ತಮಿಳರ ನಡುವೆ ಬೆಳೆದವಳಾದ್ದರಿಂದ ನನ್ನ ಮೇಲೆ ಕೋಪ ಬಂದಾಗ ತಮಿಳಿನಲ್ಲಿ ಗೊಣಗಿಕೊಳ್ಳುತ್ತಿದ್ದಳು. ಆರು ವರ್ಷದಿಂದ, ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಬಂದು, ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಳು. ನಾನು ಅಚ್ಚು ಹಾಕಿಸಿದ ಅದೇ ಜೋಡಿ ಗುಂಪುಗಳೇ ಅವಳ ವಿಷಯ. ನನ್ನ ಆಘಾತ ತರಂಗಕ್ಕೆ ಇನ್ನಷ್ಟು ಸಾಕ್ಷಿ ಒದಗಿಸುವುದೇ ಅವಳ ಕೆಲಸ ಎಂದು ನಾನು ಎಣಿಸಿಕೊಂಡಿದ್ದೆ.

"ಸರ್, ಒಂದು ಚಿತ್ರ ತೋರಿಸ್ಬೇಕು. ಬೈಬಾರ್ದು" ಎಂದಳು.

ನಮ್ಮ ಕಸುಬಿನ ಒಂದು ಪದ್ಧತಿ ಇಲ್ಲಿ ಹೇಳಬೇಕು. ಮಂಕು ಹೊಳಪು ನಿಚ್ಚಳ ಚಿತ್ರದಲ್ಲಿ ಕಾಣುವುದಿಲ್ಲ. ಹಾಗಾಗಿ ಮೊದಲು ಚಿತ್ರದಲ್ಲಿರುವ ಪ್ರಕಾಶದ ಚುಕ್ಕಿಗಳನ್ನು, ಅಂದರೆ ಬಿಡಿಬಿಡಿ ಗ್ಯಾಲಕ್ಸಿಗಳನ್ನು, ಒಂದೊಂದಾಗಿ ಲೆಕ್ಕದಿಂದ ಕಳೆಯುತ್ತೇವೆ. ಆಮೇಲೆ ಉಳಿದ ಚಿತ್ರವನ್ನು ಬೇಕೆಂದೇ ಮಬ್ಬು ಮಾಡುತ್ತೇವೆ. ಮಬ್ಬಾದಾಗ ಅಲ್ಲಿಲ್ಲಿ ಚದುರಿದ ಮಂಕು ಬೆಳಕೆಲ್ಲ ಒಟ್ಟುಗೂಡಿ ಕಣ್ಣಿಗೆ ಬೀಳುತ್ತದೆ. ಕಳೆಯುವ ಕೆಲಸ ಪೂರ್ತಿಯಾಗಿರಬೇಕು. ಒಂದು ಗ್ಯಾಲಕ್ಸಿ ಉಳಿದುಹೋದರೂ ಅದರ ಬೆಳಕು ಮಬ್ಬಿನಲ್ಲಿ ಹರಡಿಕೊಂಡು ಸುಳ್ಳು ಹೇಳುತ್ತದೆ.

ಆಕೆ ಮಬ್ಬು ಮಾಡುವ ಮೊದಲಿನ ಚಿತ್ರ ತೆರೆದು ಬೆರಳಿಟ್ಟಳು. "ಇಲ್ಲೊಂದು ಗ್ಯಾಲಕ್ಸಿ ಇದೆ ಸರ್. ಬಾಲದ ಗ್ಯಾಲಕ್ಸಿ. ನೀವು ಇದರ ತಲೆ ಕಳೆದಿದ್ದೀರಿ. ಬಾಲ ಕಳೆದಿಲ್ಲ."

ಕೆಲವು ಗ್ಯಾಲಕ್ಸಿಗಳು ಗುಂಪಿನ ಅನಿಲದಲ್ಲಿ ಓಡುವಾಗ ಹಿಂದೆ ಉದ್ದನೆಯ ರೇಡಿಯೊ ಬಾಲ ಬಿಟ್ಟುಕೊಂಡು ಹೋಗುತ್ತವೆ. ಈ ಬಾಲ ಎರಡು ಗುಂಪುಗಳ ನಡುವೆ ಅಡ್ಡಲಾಗಿ ಮಲಗಿತ್ತು. ಮಬ್ಬಿನಲ್ಲಿ ನಾನು ಕಂಡ ಚೂಪು ಅಂಚಿನ ಗೆರೆ, ಎಂದರೆ ನನ್ನ ಆಘಾತ ತರಂಗ, ಏಳು ಪೇಟಗಳ ಒಡೆಯ, ಎಲ್ಲ ಈ ಬಾಲವೇ.

"ಅಕ್ಕೀಲಿ ಕಲ್ಲು ಆರಿಸದೆ ಅನ್ನಕ್ಕಿಟ್ಟಂಗೆ ಆಗಿದೆ ಸರ್" ಎಂದಳು ಮೆಲ್ಲಗೆ.

ನೋಡಿದ ಕ್ಷಣವೇ ಗೊತ್ತಾಯಿತು, ಅವಳು ಸರಿ. ಎಷ್ಟು ಸರಿ ಎಂದು ಗೊತ್ತಾಯಿತೋ ಅಷ್ಟೇ ಜೋರಾಗಿ ಕೂಗಿದೆ. "ಯಾರಮ್ಮಾ ನಿನಗೆ ಹೇಳಿಕೊಟ್ಟಿದ್ದು ಇದೆಲ್ಲ? ಎರಡು ಪುಸ್ತಕ ಓದಿಬಿಟ್ಟು ನನ್ನ ಚಿತ್ರದಲ್ಲಿ ಕಲ್ಲು ಹುಡುಕ್ತೀಯಾ?"

"ನೀವೇ ಹೇಳಿಕೊಟ್ಟಿದ್ದು ಸರ್" ಎಂದಳು.

ಅವಳ ಬಳಿ ಬರೀ ನನ್ನ ತಪ್ಪಿರಲಿಲ್ಲ, ಉತ್ತರವೂ ಇತ್ತು. ಬಾಲವನ್ನು ಕಳೆದ ಮೇಲೆ ಹೊಳಪಿನ ಅರ್ಧಕ್ಕಿಂತ ಹೆಚ್ಚು ಮಾಯವಾಯಿತು. ಉಳಿದದ್ದು ನಿಜವಾದ ಹೊಳಪು, ಅಂಚಿಲ್ಲ, ಗೆರೆಯಿಲ್ಲ, ನಡುವಿನ ಜಾಗವನ್ನೆಲ್ಲ ತೇಪೆತೇಪೆಯಾಗಿ ತುಂಬಿಕೊಂಡದ್ದು. ಆಘಾತ ತರಂಗವಾಗಿದ್ದರೆ ಹೀಗಿರುತ್ತಿರಲಿಲ್ಲ. ಗುಂಪುಗಳು ಹತ್ತಿರ ಬರುವಾಗ ನಡುವಿನ ಅನಿಲ ಕದಡಿ ಸುಳಿಸುಳಿಯಾಗುತ್ತದೆ, ಆ ಸುಳಿಗಳು ಅಲ್ಲೇ ಬಿದ್ದಿದ್ದ ಹಳೆಯ ಎಲೆಕ್ಟ್ರಾನುಗಳನ್ನು ನಿಧಾನವಾಗಿ ಮತ್ತೆ ಎಬ್ಬಿಸುತ್ತವೆ ಎಂದು ಅವಳು ತೋರಿಸಿದ್ದಳು. ಹಳೆಯ ಎಲೆಕ್ಟ್ರಾನುಗಳು ಎಲ್ಲಿಂದ ಬಂದವು? ಇಂಥ ಬಾಲಗಳಿಂದಲೇ, ಕಾಲಾಂತರದಲ್ಲಿ ಕರಗಿ ಹರಡಿದವು. "ನಿಮ್ಮ ಕಾಫಿ ಮಾತು ಸರೀನೇ ಇದೆ ಸರ್. ಒಲೆ ಅಲ್ಲೇ ಇದೆ. ಆದ್ರೆ ಹೊಸ ಕಾಫಿ ಅಲ್ಲ, ಆರಿದ್ದನ್ನೇ ಕಾಯಿಸಿರೋದು" ಎಂದಳು. ಎಂಥಾ ಮಾತು! ಆ ಮಾತು ನನ್ನ ಬಾಯಿಂದ ಬರಬೇಕಿತ್ತು ಎಂದು ಹೊಟ್ಟೆ ಉರಿಯಿತು.

ವಿಶ್ವವಿದ್ಯಾಲಯದ ನಿಯಮದಂತೆ ಮಾರ್ಗದರ್ಶಕರ ಸಹಿ ಇಲ್ಲದೆ ಪ್ರಬಂಧ ಸಲ್ಲಿಸುವಂತಿಲ್ಲ. ಅವಳ ನೋಂದಣಿಯ ಅವಧಿಯನ್ನು ಆಗಲೇ ಎರಡು ಸಲ ವಿಸ್ತರಿಸಿದ್ದರು. ಯುಗಾದಿಯೊಳಗೆ ಸಲ್ಲಿಸದಿದ್ದರೆ ನೋಂದಣಿಯೇ ರದ್ದು, ಆರು ವರ್ಷದ ಬಸ್ಸು ಪ್ರಯಾಣವೆಲ್ಲ ನೀರಿನಲ್ಲಿ ಹೋಮ. "ಬೇರೆ ದೇಶದೋರೂ ಇದೇ ಜೋಡೀನ ನೋಡ್ತಿದ್ದಾರಂತೆ ಸರ್, ಬೇಗ ಲೇಖನ ಹೊರಗೆ ಹಾಕ್ಬೇಕು" ಎಂದೂ ಹೇಳಿದಳು. ನಾನು "ನೋಡೋಣ" ಎಂದೆ.

ಎಂಟು ತಿಂಗಳು ನೋಡಿದೆ. ತಪ್ಪು ಹುಡುಕುವುದರಲ್ಲಿ ನನ್ನಷ್ಟು ಪಳಗಿದವರು ಈ ಜಿಲ್ಲೆಯಲ್ಲಿಲ್ಲ. ಮೊದಲು ಅಂಚಿನ ಜಾಗ ಸಾಲದು ಎಂದೆ. ಆಮೇಲೆ ಅಕ್ಷರದ ಗಾತ್ರ. ಆಮೇಲೆ ಪರಾಮರ್ಶನ ಪಟ್ಟಿಯಲ್ಲಿ ಅಲ್ಪವಿರಾಮ. ಒಮ್ಮೆ ಚಿತ್ರದ ಬಣ್ಣ ಕಣ್ಣಿಗೆ ಚುಚ್ಚುತ್ತದೆ ಎಂದು ವಾಪಸು ಕಳಿಸಿದೆ, ಬದಲಾಯಿಸಿ ತಂದಾಗ ಮೊದಲಿನದೇ ಚೆನ್ನಾಗಿತ್ತು ಎಂದೆ. ಬಾಲವನ್ನು ಇನ್ನೊಮ್ಮೆ ಬೇರೆ ವಿಧಾನದಲ್ಲಿ ಕಳೆದು ನೋಡು ಎಂದೆ, ಕಳೆದಳು. ಮತ್ತೊಂದು ವಿಧಾನ ಎಂದೆ, ಅದರಲ್ಲೂ ಕಳೆದಳು. ಪ್ರತಿ ಸಲವೂ ನನ್ನ ಗೆರೆ ಹೋಯಿತು, ಅವಳ ಮಂಕು ಹೊಳಪು ಉಳಿಯಿತು. ಅವಳು ತಮಿಳಿನಲ್ಲಿ ಗೊಣಗುವುದನ್ನೂ ನಿಲ್ಲಿಸಿಬಿಟ್ಟಳು. ನನಗೆ ಭಯವಾಗಬೇಕಿತ್ತು, ಹಾಯೆನಿಸಿತು.

ಹೆಂಡತಿಗೆ ವಾಸನೆ ಬಡಿಯಿತು. "ಆ ಟೀಚರಮ್ಮ ಹೇಳೋದು ಸರೀನೋ ತಪ್ಪೋ? ಅಷ್ಟು ಹೇಳಿ" ಎಂದಳು.

"ಸರಿ."

"ಮತ್ತಿನ್ನೇನು?"

"ಮತ್ತಿನ್ನೇನು ಅಂದ್ರೆ? ಅದೆಲ್ಲ ನಿನಗೆ ಗೊತ್ತಾಗಲ್ಲ, ಬಿಡು ಮಾರಾಯ್ತಿ."

"ಗೊತ್ತಾಗ್ದೆ ಏನು? ಬೀರು ತುಂಬಾ ಪೇಟ ಇದಾವಲ್ಲ" ಎಂದು ಒಳಗೆ ಹೋದಳು. ಅವತ್ತು ನಾನು ಊಟ ಬಿಟ್ಟೆ. ಅವಳು ಎರಡನೇ ಸಲ ಕರೆಯಲೂ ಇಲ್ಲ.

ಯುಗಾದಿಗೆ ಇನ್ನು ಹತ್ತು ದಿನವಿರುವಾಗ ಭದ್ರಾವತಿಯ ಸಂಘವೊಂದರ ಸನ್ಮಾನ ಬಂತು. ಎಂಟನೆಯದು, ಎಲ್ಲಕ್ಕಿಂತ ದೊಡ್ಡದು, ಅಳಿಯನಿಗೆ ಮಾವನ ಊರಿನದು. ಅತಿಥಿಯನ್ನು ಪರಿಚಯಿಸುವ ಭಾಷಣ ಶಿಷ್ಯರಿಂದಲೇ ಆಗಬೇಕೆಂಬುದು ಆ ಸಂಘದ ಪದ್ಧತಿ. ಊರಿನಲ್ಲೇ ಶಿಷ್ಯೆ ಇರುವಾಗ ಬೇರೆಯವರೇಕೆ? ಅಧ್ಯಕ್ಷರು ನನಗೆ ಫೋನು ಮಾಡಿ, "ನಿಮ್ಮ ಟೀಚರಮ್ಮನೇ ಮಾತಾಡ್ತಾರೆ ಸರ್, ಒಪ್ಪಿದ್ದಾರೆ" ಎಂದಾಗ ಹೂಂಗುಟ್ಟಿ ಫೋನಿಟ್ಟೆ. ಆರು ವರ್ಷ ಕೈಕೆಳಗಿದ್ದವಳು, ಎಂಟು ತಿಂಗಳು ಅಲೆದಾಡಿದವಳು, ಅವಳ ಕೈಗೆ ಮೈಕು! ಅವಳು ಬಾಯಿ ಬಿಟ್ಟರೆ ನನ್ನ ಕಥೆ ಮುಗಿಯಿತು ಎಂದುಕೊಂಡು ಹೋದೆ.

ಸಭಾಂಗಣ ತುಂಬಿತ್ತು. ನನ್ನ ತಲೆಗೆ ಪೇಟ ಇಟ್ಟು, ಶಾಲು ಹೊದಿಸಿ, ಸಿಂಹಾಸನದಂಥ ಕುರ್ಚಿಯಲ್ಲಿ ಕೂರಿಸಿದರು. ಅವಳು ಚೀಟಿಯಿಲ್ಲದೆ ಮಾತಾಡಿದಳು. ನಾನು ಎಲ್ಲಿ ಓದಿದೆ, ಎಷ್ಟು ವರ್ಷ ಪಾಠ ಮಾಡಿದೆ ಎಂದಳು. "ನಮ್ಮ ಸರ್ ಮೊದಲ ದಿನ ಒಂದು ಮಾತು ಹೇಳಿದ್ರು. ಚಿತ್ರ ತುಂಬಾ ಚೆನ್ನಾಗಿ ಬಂದಿದ್ರೆ ಮೊದಲು ಅನುಮಾನ ಪಡಿ ಅಂತ. ಅದನ್ನ ನಾನು ಮರೆತಿಲ್ಲ" ಎಂದಳು. ನನ್ನ ಆವಿಷ್ಕಾರದ ಬಗ್ಗೆ ಒಂದಕ್ಷರ ಹೊಗಳಲಿಲ್ಲ, ಒಂದಕ್ಷರ ದೂರಲಿಲ್ಲ. ನಮಸ್ಕಾರ ಹೇಳಿ ಇಳಿದು ಮೂರನೇ ಸಾಲಿನಲ್ಲಿ ಕೂತಳು. ಮಡಿಲಲ್ಲಿ ಪ್ರಬಂಧದ ಪ್ರತಿಗಳಿದ್ದ ನೀಲಿ ಫೈಲು.

ನಾನು ಮೈಕಿನ ಮುಂದೆ ನಿಂತೆ. ಕಾಫಿಯ ಮಾತು ಹೇಳಿದೆ, ಚಪ್ಪಾಳೆ ಬಿತ್ತು. ಮೂರು ಸೆಕೆಂಡು ನಿಲ್ಲಿಸಿದೆ. ಆಮೇಲೆ ಏನಾಯಿತೋ, ನನ್ನ ಬಾಯಿಂದ ನಿಜವೇ ಬಂತು. "ಆ ಒಲೆ ಯಾವುದು ಅಂತ ನಾನು ಹೇಳಿದ್ದು ತಪ್ಪು. ನಾನು ಒಂದು ಬಾಲವನ್ನು ಕಳೆಯದೆ ಬಿಟ್ಟಿದ್ದೆ. ಸರಿಯಾದ ಉತ್ತರ ಕಂಡುಹಿಡಿದವರು ನಿಮ್ಮ ಊರಿನ ಈ ಟೀಚರು. ಈ ಪೇಟ ಅವರದ್ದು."

ಎಂಥಾ ಚಪ್ಪಾಳೆ ಅಂತೀರಿ! ಏಳು ಸನ್ಮಾನಗಳದ್ದು ಒಟ್ಟು ಸೇರಿಸಿದರೂ ಅಷ್ಟಾಗುತ್ತಿರಲಿಲ್ಲ. ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತ ಮೈಕು ಕಿತ್ತುಕೊಂಡು, "ನೋಡಿ, ಇದು ವಿನಯ ಅಂದ್ರೆ! ತಾವು ಕಂಡುಹಿಡಿದಿದ್ದನ್ನ ಶಿಷ್ಯೆಗೆ ಧಾರೆ ಎರೀತಿದ್ದಾರೆ!" ಎಂದರು. ಯಾರೋ ಹಾರ ತಂದು ಎರಡನೇ ಸಲ ಹಾಕಿದರು. ನಾನು "ಅಲ್ಲ, ನಿಜವಾಗಿಯೂ ತಪ್ಪು" ಎಂದೆ. ಜನ ಮತ್ತಷ್ಟು ಚಪ್ಪಾಳೆ ತಟ್ಟಿದರು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ತಪ್ಪೊಪ್ಪಿಕೊಳ್ಳುವುದರಲ್ಲಿ ಇಷ್ಟು ಸುಖವಿದೆ ಎಂದು ಮೊದಲೇ ಗೊತ್ತಿದ್ದರೆ ಎಂಟು ತಿಂಗಳ ಹಿಂದೆಯೇ ಒಪ್ಪಿಕೊಳ್ಳುತ್ತಿದ್ದೆ ಎನಿಸಿತು.

ಪೇಟ ತೊಟ್ಟುಕೊಂಡೇ ಮೆಟ್ಟಿಲಿಳಿದು ಬಂದೆ. ಅವಳು ಕೆಳಗೆ ನಿಂತಿದ್ದಳು.

"ಸರ್, ಸಹಿ?"

"ಮನೆಗೆ ತಗೊಂಡು ಬಾ, ನೋಡೋಣ" ಎಂದೆ. "ನಾಲ್ಕನೇ ಅಧ್ಯಾಯದಲ್ಲಿ ಹಿಂದಿನ ಫಲಿತಾಂಶ ತಪ್ಪು ಅಂತ ನೇರವಾಗಿ ಬರೆದಿದ್ದೀಯಲ್ಲ, ಅದನ್ನ ಮರುಪರಿಶೀಲನೆ ಬೇಕು ಅಂತ ಮಾಡಿಬಿಡು. ಉಳಿದದ್ದೆಲ್ಲ ಸರಿಯಾಗಿದೆ."

ಅವಳು ನನ್ನನ್ನೇ ನೋಡಿದಳು. "ಈಗ ತಾನೆ ತಪ್ಪು ಅಂತ ಮೈಕಲ್ಲಿ ಹೇಳಿದ್ರಲ್ಲ ಸರ್."

"ಅದು ಬೇರೆ ಅಮ್ಮಾ."

"ಹೌದು ಸರ್, ಬೇರೆ. ಇಲ್ಲಿ ಯಾರಿಗೂ ಅರ್ಥ ಆಗಲ್ಲ ಅಂತ ನಿಮಗೆ ಗೊತ್ತಿತ್ತು. ಪ್ರಬಂಧ ಓದೋರಿಗೆ ಅರ್ಥ ಆಗುತ್ತೆ."

ಮೂವತ್ತು ವರ್ಷ ಮೇಷ್ಟ್ರಾಗಿದ್ದೆ, ಯಾರೂ ನನಗೆ ಹೀಗೆ ಕಪಾಳಕ್ಕೆ ಹೊಡೆದಂತೆ ಮಾತಾಡಿರಲಿಲ್ಲ. ಸಿಟ್ಟು ಬರುತ್ತದೆ ಎಂದು ಕಾದೆ, ಬರಲಿಲ್ಲ. ನಾಚಿಕೆ ಬಂತು. ಪೇಟದೊಳಗೆ ತಲೆ ಕಾದಿತ್ತು. ಪೇಟ ತೆಗೆದು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು, ಅಲ್ಲೇ ನಿಂತು, ಒಂದು ಪದವನ್ನೂ ತಿದ್ದದೆ ಎಲ್ಲ ಪ್ರತಿಗಳಿಗೂ ಸಹಿ ಹಾಕಿದೆ. ಮಾರನೆಯ ದಿನ ಬೆಳಿಗ್ಗೆ ನನ್ನ ಲೇಖನ ಅಚ್ಚಾಗಿದ್ದ ಪತ್ರಿಕೆಗೂ ತಪ್ಪೊಪ್ಪಿಗೆ ಬರೆದು ಕಳಿಸಿದೆ. ಅವಳ ಪ್ರಬಂಧ ಯುಗಾದಿಗೆ ಮುಂಚೆ ಸಲ್ಲಿಕೆಯಾಯಿತು. ಭದ್ರಾವತಿಯ ಪತ್ರಿಕೆ "ವಿನಯದ ಸಾಕಾರಮೂರ್ತಿ ನಮ್ಮ ಅಳಿಯ" ಎಂದು ನನ್ನ ಪೇಟದ ಫೋಟೊ ಹಾಕಿತು.

ಹೊಳಪಿನ ಮೂಲದ ಬಗ್ಗೆ ಅವಳ ಲೇಖನವನ್ನು ಇನ್ನೇನು ಕಳಿಸಬೇಕು ಎನ್ನುವಷ್ಟರಲ್ಲಿ, ಪ್ರಬಂಧ ಸಲ್ಲಿಸಿದ ಮೂರು ವಾರಕ್ಕೆ, ಹೊರದೇಶದ ತಂಡವೊಂದರ ಲೇಖನ ಬಂತು. ಅದೇ ಜೋಡಿ ಗುಂಪುಗಳು. ಅದೇ ಬಾಲವನ್ನು ಕಳೆದಿದ್ದರು. ಅದೇ ತೇಪೆತೇಪೆ ಹೊಳಪು, ಅದೇ ಸುಳಿಗಳು, ಅದೇ ಹಳೆಯ ಎಲೆಕ್ಟ್ರಾನುಗಳು. ನನ್ನ ಲೇಖನದ ಬಗ್ಗೆ ಒಂದು ಸಾಲು ಇತ್ತು, ತಪ್ಪು ಎಂದು. ಅವಳ ಬಗ್ಗೆ ಒಂದಕ್ಷರವೂ ಇರಲಿಲ್ಲ, ಇರಲು ಹೇಗೆ ಸಾಧ್ಯ? ನಾನು ಅಲ್ಪವಿರಾಮ ಹುಡುಕುತ್ತ ಕೂತಿದ್ದ ಎಂಟು ತಿಂಗಳಲ್ಲಿ ಇಡೀ ಜಗತ್ತಿನಲ್ಲಿ ಆ ಉತ್ತರ ಗೊತ್ತಿದ್ದುದು ಬಹುಶಃ ಅವಳೊಬ್ಬಳಿಗೇ. ಈಗ ಅವಳಿಗೆ ಡಿಗ್ರಿ ಸಿಗುತ್ತದೆ, ಉತ್ತರ ಮಾತ್ರ ಇನ್ನೆಂದಿಗೂ ಅವರದ್ದು. ಓದಿ ಮುಗಿಸಿ, ಫೋನು ಹೇಗೆ ಮಾಡಲಿ, ಏನೆಂದು ಹೇಳಲಿ ಎಂದು ಮಧ್ಯಾಹ್ನದವರೆಗೆ ಕೂತಿದ್ದೆ.

ಅಷ್ಟರಲ್ಲಿ ಅವಳದ್ದೇ ಫೋನು ಬಂತು. ಹಿಂದೆ ಭದ್ರಾವತಿ ಬಸ್‌ಸ್ಟ್ಯಾಂಡಿನ ಗದ್ದಲ. ಬೈಯುತ್ತಾಳೆ, ಅಳುತ್ತಾಳೆ, ಎರಡಕ್ಕೂ ತಯಾರಾಗಿ ಫೋನು ಕಿವಿಗಿಟ್ಟೆ.

"ಸರ್, ನೋಡಿದ್ರಾ?" ಎಂದಳು. ದನಿಯಲ್ಲಿ ಉಸಿರು ತೆಗೆದುಕೊಳ್ಳಲೂ ಬಿಡದಷ್ಟು ಸಂತೋಷ. "ಅವರಿಗೂ ಅದೇ ಬಂದಿದೆ ಸರ್! ನಾವು ಸರಿ ಇದ್ವಿ!"

"ನಾವಲ್ಲಮ್ಮಾ, ನೀನು" ಎನ್ನಬೇಕೆಂದು ಬಾಯಿ ತೆರೆದೆ. "ಹೂಂ" ಎಂದಷ್ಟೇ ಹೊರಟಿತು. "ಬಸ್ ಬಂತು ಸರ್, ಸೀಟ್ ಹೋಗುತ್ತೆ, ಇಡ್ತೀನಿ" ಎಂದು ಅವಳು ಇಟ್ಟುಬಿಟ್ಟಳು.